ಚುಚ್ಚದೆ ತುಂಬಿದ ಕಾರ್ಡು

ಎಕಂಬಾದ ಭಾಗಮ್ಮನ ಕೂಸಿನ ಹಿಮ್ಮಡಿಗೆ ನಾನು ಸೂಜಿ ಚುಚ್ಚಲೇ ಇಲ್ಲ. ಚುಚ್ಚಿದೆ ಎಂದು ಬರೆದೆ. ಆ ಕೂಸಿನ ಹೆಸರಿನ ಕಾರ್ಡಿನ ಮೇಲೆ ಇನ್ನೊಂದು ಕೂಸಿನ ರಕ್ತದ ಹನಿ ಹಾಕಿ, ಕೆಳಗೆ ನನ್ನ ಸಹಿ ಮಾಡಿದೆ. ಆರು ವರ್ಷ ಈ ಮಾತನ್ನು ಯಾರಿಗೂ ಹೇಳಿರಲಿಲ್ಲ. ಮನೆಯಲ್ಲಿ ಗಂಡನಿಗೆ ಗೊತ್ತಿರಲಿಲ್ಲ, ನನ್ನ ಹೆತ್ತವರಿಗೆ ಗೊತ್ತಿರಲಿಲ್ಲ. ನನಗೆ ಮಾತ್ರ ಗೊತ್ತಿತ್ತು — ನಾನೊಬ್ಬಳೇ ಮರೆತರೆ ಅದು ಇಲ್ಲವೇ ಇಲ್ಲ ಎಂಬ ಹಾಗೆ ಬದುಕಿದೆ.

ನಾನು ನರ್ಸು. ಭಾಲ್ಕಿ ತಾಲ್ಲೂಕಿನ ಹಲಬರ್ಗಾದವಳು. ಹೆಸರು ಸುಜಾತಾ. ಅಪ್ಪ ಬೀದರಿನ ಗಾಂಧಿ ಗಂಜದಲ್ಲಿ ತೊಗರಿಯ ಚೀಲ ಹೊತ್ತು ಹಮಾಲಿ ಮಾಡಿ ನನ್ನನ್ನು ಓದಿಸಿದ. ನಮ್ಮ ಕೇರಿಯಿಂದ ಬಿಳಿ ಕೋಟು ಹಾಕಿದ ಮೊದಲ ಹೆಣ್ಣುಮಗಳು ನಾನೇ. ವಾರ್ಡಿನಲ್ಲಿ ನನ್ನ ಬಾಯಿಗೆ ಹೆದರದವರು ಕಡಿಮೆ. ಬಾಣಂತಿಗೆ ಬಿಸಿನೀರು ಕೊಡದ ಅತ್ತೆಯರನ್ನೂ, ಕುಡಿದು ಬಂದ ಗಂಡಂದಿರನ್ನೂ ಬಾಗಿಲಲ್ಲೇ ನಿಲ್ಲಿಸಿ ಬೈಯುತ್ತಿದ್ದೆ. ಖಡಕ್ ಸಿಸ್ಟರ್ ಎಂದು ಹೆಸರಿತ್ತು. ಆ ಖಡಕ್‌ತನವೆಲ್ಲ ಇನ್ನೊಬ್ಬರ ಮೇಲೆ ಮಾತ್ರ ಎಂದು ಈಗ ಅನ್ನಿಸುತ್ತದೆ. ಯಾವ ಆಸ್ಪತ್ರೆ ಎಂದು ಬರೆಯುವುದಿಲ್ಲ, ಯಾಕೆಂದರೆ ತಪ್ಪು ಆಸ್ಪತ್ರೆಯದಲ್ಲ.

ಆಗ ಸರ್ಕಾರ ನವಜಾತ ಶಿಶುಗಳ ತಪಾಸಣೆಗೆಂದು ಹೊಸದಾಗಿ ಅನುದಾನ ಕೊಟ್ಟಿತ್ತು. ಹುಟ್ಟಿ ಎರಡು ದಿನ ಕಳೆದ ಮೇಲೆ ಕೂಸಿನ ಹಿಮ್ಮಡಿಗೆ ಸಣ್ಣ ಸೂಜಿ ಚುಚ್ಚಿ, ದಪ್ಪ ಕಾಗದದ ಕಾರ್ಡಿನ ಮೇಲಿರುವ ದುಂಡನೆಯ ಮನೆಗಳಲ್ಲಿ ಒಂದೊಂದು ಹನಿ ರಕ್ತ ತುಂಬಿಸಬೇಕು. ಒಣಗಿಸಿ ದೂರದ ಲ್ಯಾಬಿಗೆ ಕಳಿಸಬೇಕು. ಕಣ್ಣಿಗೆ ಕಾಣದ ಕಾಯಿಲೆಗಳು ಅದರಲ್ಲಿ ಗೊತ್ತಾಗುತ್ತವೆ. ಒಂದು ಥೈರಾಯ್ಡಿನದು. ಕೆಲವು ಕೂಸುಗಳಿಗೆ ಹುಟ್ಟಿನಿಂದಲೇ ಆ ರಸ ಇರುವುದಿಲ್ಲ. ಮೊದಲ ಕೆಲವು ವಾರದೊಳಗೆ ಗೊತ್ತಾದರೆ ದಿನಾ ಬೆಳಿಗ್ಗೆ ಒಂದು ಸಣ್ಣ ಗುಳಿಗೆ, ಅಷ್ಟೆ. ಕೂಸು ಎಲ್ಲರ ಹಾಗೆ ಬೆಳೆಯುತ್ತದೆ. ಗೊತ್ತಾಗದಿದ್ದರೆ ಬುದ್ಧಿ ಬೆಳೆಯುವುದಿಲ್ಲ. ಆಮೇಲೆ ಎಷ್ಟು ಗುಳಿಗೆ ನುಂಗಿಸಿದರೂ ಹೋದದ್ದು ಬರುವುದಿಲ್ಲ.

ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದ ತಪ್ಪಲ್ಲ ಇದು.

ಅನುದಾನದ ಮುಂದಿನ ಕಂತು ಬರಬೇಕಾದರೆ ಹುಟ್ಟಿದ ಕೂಸುಗಳೆಲ್ಲ ತಪಾಸಣೆಯಾಗಿರಬೇಕು ಎಂದಿತ್ತು. ಪ್ರತಿ ತಿಂಗಳು ಬೀದರಿನಲ್ಲಿ ಮೀಟಿಂಗು. ಯಾವ ವಾರ್ಡಿನಲ್ಲಿ ಎಷ್ಟು ಕೂಸು ಹುಟ್ಟಿದವು, ಎಷ್ಟು ಕಾರ್ಡು ಹೋದವು ಎಂದು ಎಲ್ಲರ ಮುಂದೆ ಓದುತ್ತಿದ್ದರು. ನಮ್ಮ ಡಾಕ್ಟರ್ ಮೇಡಂ, "ಒಂದು ಕೂಸೂ ತಪ್ಪಬಾರದು ನೋಡ್ರಿ ಸಿಸ್ಟರ್" ಎನ್ನುತ್ತಿದ್ದರು. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದರು. ಸುಳ್ಳು ಕಾರ್ಡು ತುಂಬು ಎಂದು ನನಗೆ ಯಾರೂ ಹೇಳಲಿಲ್ಲ. ಒಂದು ಮೀಟಿಂಗಿನಲ್ಲಿ ನಮ್ಮ ವಾರ್ಡಿನ ಹೆಸರು ಎಲ್ಲಕ್ಕಿಂತ ಮೊದಲು ಓದಿದರು, ಎಲ್ಲರೂ ತಿರುಗಿ ನನ್ನ ಕಡೆ ನೋಡಿದರು. ಅದು ನನಗೆ ಬಹಳ ಹಿಡಿಸಿತು — ಇಷ್ಟೇ, ಇದಕ್ಕಿಂತ ದೊಡ್ಡ ಕಾರಣ ನನ್ನ ಹತ್ತಿರ ಇಲ್ಲ.

ಭಾಗಮ್ಮ ಕುರಿ ಸಾಕುವ ಮನೆಯ ಸೊಸೆ. ಚೊಚ್ಚಲ ಹೆರಿಗೆ, ಆದರೆ ತವರಿನಲ್ಲಿ ತಾಯಿ ಇರಲಿಲ್ಲ, ಹಾಗಾಗಿ ಅತ್ತೆ ತುಳಜಮ್ಮನೇ ಬಾಣಂತನಕ್ಕೆ ನಿಂತಿದ್ದಳು. ಹೆಣ್ಣು ಕೂಸು. ಮೂರನೆಯ ದಿನ ನಾನು ಕಾರ್ಡು, ಸೂಜಿ ಹಿಡಿದು ಹೋದಾಗ ತುಳಜಮ್ಮ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

"ಐದೇಶಿ ಆಗೋತನ ರಕ್ತ ತೆಗಿಬ್ಯಾಡ್ರಿ ಬಾಯಿ. ನಿಮ್ಮ ಕೈ ಮುಗಿತೀನಿ."

ಐದೇಶಿ ಎಂದರೆ ಹುಟ್ಟಿದ ಐದನೆಯ ದಿನದ ಪೂಜೆ. ಅಂದು ಸಟವಿ ತಾಯಿ ಬಂದು ಕೂಸಿನ ಹಣೆಬರಹ ಬರೆಯುತ್ತಾಳೆ ಎಂದು ನಂಬಿಕೆ. ತೊಟ್ಟಿಲ ಬಳಿ ಬಿಳಿ ಹಾಳೆ, ಪೆನ್ನು ಇಡುತ್ತಾರೆ. ಆಕೆ ಬರೆಯುವ ಮುಂಚೆ ಕೂಸಿನ ಮೈಯಿಂದ ರಕ್ತ ಬಿದ್ದರೆ ಬರಹ ಕೆಡುತ್ತದೆ ಎಂದು ತುಳಜಮ್ಮನ ಮನೆತನದಲ್ಲಿ ಹಿಂದಿನಿಂದ ಬಂದದ್ದು. ನಾವು ಬೌದ್ಧರು, ನಮ್ಮ ಮನೆಯಲ್ಲಿ ಇದಿಲ್ಲ. ನನಗೆ ಸಿಟ್ಟು ಬಂತು. ಮೂರು ಮಾತು ಜೋರಾಗಿಯೇ ಆಡಿದೆ. ಮುದುಕಿ ಜಗ್ಗಲಿಲ್ಲ.

"ಆರನೇ ದಿನಾ ನಾನೇ ಎತ್ತಿಕೊಂಡು ಬರ್ತೀನಿ. ನನ್ನ ಮಾತಂದ್ರ ಮಾತರಿ. ಎಷ್ಟ್ ಬೇಕು ಅಷ್ಟ್ ತೊಗೋರಿ ಆವಾಗ."

ಆರನೆಯ ದಿನಕ್ಕೆ ಏನೂ ತಡವಾಗುತ್ತಿರಲಿಲ್ಲ. ಆರನೆಯ ದಿನ ತೆಗೆದರೂ ಕೂಸು ಉಳಿಯುತ್ತಿತ್ತು, ಅದರ ಬುದ್ಧಿ ಉಳಿಯುತ್ತಿತ್ತು. ಆದರೆ ಅಂದು ತಿಂಗಳ ಕೊನೆ. ಆ ಹೊತ್ತಿನ ಪಾಕೀಟಿನಲ್ಲಿ ಹೋಗದ ಕಾರ್ಡು ಆ ತಿಂಗಳ ಲೆಕ್ಕಕ್ಕೆ ಬರುತ್ತಿರಲಿಲ್ಲ. ಮತ್ತೆ ಊರಿಗೆ ಹೋದವರು ಯಾರು ತಿರುಗಿ ಬರುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಅವರು ಹೊರಟುಹೋದರು. ಮಧ್ಯಾಹ್ನ ಇನ್ನೊಂದು ಹಾಸಿಗೆಯ ಗಂಡು ಕೂಸಿಗೆ ಚುಚ್ಚಿದೆ. ಗುಂಡುಗುಂಡಾಗಿತ್ತು, ರಕ್ತ ಸರಾಗವಾಗಿ ಬಂತು. ಅದರ ಕಾರ್ಡು ತುಂಬಿತು. ಹನಿ ಇನ್ನೂ ನಿಂತಿರಲಿಲ್ಲ. ಭಾಗಮ್ಮನ ಕೂಸಿನ ಕಾರ್ಡು ಪಕ್ಕದಲ್ಲೇ ಇತ್ತು...

ಕೈ ನಡುಗಿತೇ ಎಂದು ಯಾರಾದರೂ ಕೇಳಿದರೆ — ಇಲ್ಲ, ನಡುಗಲಿಲ್ಲ. ಅದಕ್ಕಿಂತ ಮೊದಲೂ ಕೆಲವು ಸಲ ಮಾಡಿದ್ದೆ. ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ತುಳಜಮ್ಮ ಬಂದಳು. ಸರಿಯಾಗಿ ಆರನೆಯ ದಿನ, ಬೆಳಿಗ್ಗೆ ಒಪಿಡಿ ತೆರೆಯುವ ಮುಂಚೆ, ಎಕಂಬಾದಿಂದ ಟಂಟಂ ಆಟೋ ಹತ್ತಿ, ಹಸಿ ಬಾಣಂತಿ ಸೊಸೆಯ ತಲೆಗೆ ಸ್ಕಾರ್ಫು ಕಟ್ಟಿ, ಕೂಸನ್ನು ಎದೆಗವಚಿಕೊಂಡು ಬಂದಳು. ನನ್ನನ್ನು ಕಂಡು ನಕ್ಕಳು. "ತಂದೀನಿ ನೋಡ್ರಿ ಬಾಯಿ. ಬರಲ್ಲ ಅಂತ ಮಾಡಿದ್ರೇನು? ಈಗ ಚುಚ್ಚರಿ."

ಕಾರ್ಡು ಹೋಗಿಬಿಟ್ಟಿತ್ತು. ಇನ್ನೊಂದು ಕಾರ್ಡು ಕಳಿಸಬಹುದಿತ್ತು — ಎರಡನೆಯ ಸಲ ತೆಗೆದದ್ದು ಎಂದು ಗುರುತು ಹಾಕಲು ಕಾರ್ಡಿನ ಮೇಲೆಯೇ ಒಂದು ಸಣ್ಣ ಚೌಕವಿತ್ತು. ಯಾರೂ ಏನೂ ಕೇಳುತ್ತಿರಲಿಲ್ಲ ಬಹುಶಃ. ಕೇಳಿದರೆ? ಮೊದಲನೆಯದು ಯಾಕೆ ಕೆಟ್ಟಿತು ಎಂದು ಕೇಳಿದರೆ? ಎರಡರ ವರದಿ ಬೇರೆ ಬೇರೆ ಬಂದರೆ? ಆ ಒಂದು ನಿಮಿಷದಲ್ಲಿ ನನ್ನ ಬಗ್ಗೆಯೇ ಯೋಚಿಸಿದೆ. ಕೂಸಿನ ಬಗ್ಗೆ ಒಂದು ಯೋಚನೆಯೂ ಬರಲಿಲ್ಲ. ಇಂಥ ಕಾಯಿಲೆ ಎಲ್ಲೋ ಒಂದು ಕೂಸಿಗೆ ಇರುತ್ತದೆ, ಇದಕ್ಕೇ ಇರುತ್ತದೆಯೇ ಎಂದುಕೊಂಡೆ.

"ಆಗೇದ ಆಯಿ" ಎಂದೆ. "ಅವತ್ತೇ ತೊಗೊಂಡೀನಿ. ನೀವು ಚಹಾ ಕುಡಿಲಿಕ್ಕ ಹೋಗಿದ್ರಿ, ಭಾಗಮ್ಮ ಮಲಗಿದ್ದಳು. ಆವಾಗ."

ತುಳಜಮ್ಮನ ನಗು ಹಾಗೇ ನಿಂತಿತು. ಕೂಸಿನ ಎರಡೂ ಹಿಮ್ಮಡಿ ಎತ್ತಿ ನೋಡಿದಳು. "ಗುರ್ತೇ ಇಲ್ಲಲ್ಲ?" ಎಂದಳು. ಮಾಯ್ದು ಹೋಗ್ತದ ಎಂದೆ. ಅವಳು ನನ್ನನ್ನು ಬೈಯಲಿಲ್ಲ. ದವಾಖಾನೆಯವರನ್ನು ಬೈಯುವ ಜನ ಅಲ್ಲ ಅವರು. ಸೊಸೆಯ ಕಡೆ ತಿರುಗಿದಳು. "ನೀ ಮಲಗಿದ್ದೇನು?" ಭಾಗಮ್ಮ ಏನೋ ಹೇಳಲು ಬಾಯಿ ತೆರೆದಳು, ನನ್ನ ಮುಖ ನೋಡಿದಳು, ಸುಮ್ಮನಾದಳು. ಹತ್ತೊಂಬತ್ತು ಇಪ್ಪತ್ತರ ಹುಡುಗಿ. ನಾನು ರಿಜಿಸ್ಟರು ತೆರೆದು ಏನೋ ಬರೆಯುತ್ತಿರುವ ಹಾಗೆ ಮಾಡಿದೆ.

ಕೆಲವು ದಿನಕ್ಕೆ ವರದಿ ಬಂತು. ನಾರ್ಮಲ್. ಆ ಗಂಡು ಕೂಸಿನ ಪುಣ್ಯಕ್ಕೆ ಅದು ನಾರ್ಮಲ್. ಭಾಗಮ್ಮನ ಗಂಡ ಬಂದಾಗ ಚೀಟಿ ಕೊಟ್ಟು, "ಚೀಟಿ ಹುಷಾರ ಇಡ್ರಿ, ಮುಂದ ಡಾಕ್ಟರಿಗಿ ತೋರಿಸಲಿಕ್ಕ ಬೇಕಾಗ್ತದ" ಎಂದೆ. ಅದನ್ನೂ ಹೇಳಿದೆ ನಾನು.

ಅನುದಾನದ ಮುಂದಿನ ಕಂತು ಬಂತು. ಬೀದರಿನ ಸಭಾಂಗಣದಲ್ಲಿ ನನಗೆ ಶಾಲು, ಒಂದು ಪ್ರಶಸ್ತಿ ಪತ್ರ. ಮೈಕಿನ ಮುಂದೆ ನಿಂತು ನಮ್ಮಲ್ಲಿ ಒಂದು ಕೂಸೂ ತಪ್ಪಿಲ್ಲ ಎಂದೆ. ಅಪ್ಪ ಆ ಪತ್ರಕ್ಕೆ ಕಟ್ಟು ಹಾಕಿಸಿ ಹಲಬರ್ಗಾದ ಮನೆಯಲ್ಲಿ ನೇತುಹಾಕಿದ. ಅದೇ ಹಣದಿಂದ ಬಂದ ಕಾರ್ಡುಗಳಲ್ಲಿ ಭಾಲ್ಕಿಯ ಒಂದು ಕೂಸಿನ ಕಾಯಿಲೆ ಸಿಕ್ಕಿತು. ಗುಳಿಗೆ ಶುರುವಾಯಿತು. ಆ ಹುಡುಗ ಈಗ ಸಾಲಿಗೆ ಹೋಗುತ್ತಾನೆ, ಒಂದೇ ಸಮ ಮಾತಾಡುತ್ತಾನೆ, ನನ್ನನ್ನು ಕಂಡರೆ ಓಡಿಬಂದು ಕೈ ಹಿಡಿಯುತ್ತಾನೆ. ಹಣ ಬಂದದ್ದಕ್ಕೆ ಇವನು ಉಳಿದ ಎಂದು ಎಷ್ಟೋ ದಿನ ಇವನ ನೆಪ ಹೇಳಿಕೊಂಡು ನೆಮ್ಮದಿಯಿಂದ ಮಲಗಿದ್ದೇನೆ. ಇವನು ಉಳಿದದ್ದು ಇವನ ಹಿಮ್ಮಡಿಗೆ ಖರೆ ಖರೆ ಚುಚ್ಚಿದ್ದಕ್ಕೆ. ನನ್ನ ಸುಳ್ಳಿಗೂ ಇವನಿಗೂ ಸಂಬಂಧವಿಲ್ಲ.

ಮೂರು ವರ್ಷದ ಮೇಲೆ ಭಾಗಮ್ಮ ನನಗೆ ಬೀದರಿನಲ್ಲಿ ಸಿಕ್ಕಳು. ನಾನು ಆಗ ಬೀದರಿಗೆ ವರ್ಗವಾಗಿದ್ದೆ. ಮಕ್ಕಳ ಡಾಕ್ಟರರ ಕೋಣೆಯ ಹೊರಗೆ, ಬೆಂಚಿನ ಮೇಲೆ, ಮಡಿಲಲ್ಲಿ ಮಗು. ಅಂಬಿಕಾ ಎಂದು ಹೆಸರಿಟ್ಟಿದ್ದರು. ನೋಡಿದ ಕೂಡಲೇ ನನಗೆ ತಿಳಿಯಿತು. ಊದಿದ ಮುಖ, ಸ್ವಲ್ಪ ಹೊರಗೆ ಬಂದ ನಾಲಿಗೆ, ಒಣಗಿದ ಚರ್ಮ. ಮೂರು ವರ್ಷದ ಮಗು ಒಂದೂವರೆ ವರ್ಷದ್ದರ ಹಾಗಿತ್ತು. ನಿಲ್ಲುತ್ತಿರಲಿಲ್ಲ. ಭಾಗಮ್ಮನ ಪಕ್ಕದಲ್ಲೇ ಕುಳಿತೆ.

ಭಾಗಮ್ಮನಿಗೆ ನನ್ನನ್ನು ಕಂಡು ಎಷ್ಟು ಸಂತೋಷವಾಯಿತು ಎಂದರೆ... ತನ್ನವರು ಒಬ್ಬರು ಸಿಕ್ಕರು ಎಂಬ ಹಾಗೆ ನನ್ನ ಕೈ ಹಿಡಿದುಕೊಂಡಳು. ಮೊದಲ ವರ್ಷ ಎಲ್ಲರೂ ಕೂಸನ್ನು ಹೊಗಳಿದರಂತೆ — ಅಳುವುದೇ ಇಲ್ಲ, ಬಂಗಾರದಂಥ ಕೂಸು, ಕುರಿ ಹಟ್ಟಿಯ ಗದ್ದಲದಲ್ಲೂ ಮಲಗಿಯೇ ಇರುತ್ತದೆ ಎಂದು. ಆಮೇಲೆ ಕೂರಲಿಲ್ಲ, ನಡೆಯಲಿಲ್ಲ. ಎರಡು ಕಡೆ ಡಾಕ್ಟರಿಗೆ ತೋರಿಸಿದ್ದರು. ಒಬ್ಬರಿಗೆ ಥೈರಾಯ್ಡ್ ಇರಬಹುದು ಎಂಬ ಸಂಶಯ ಬಂದಿತ್ತು. ಭಾಗಮ್ಮ ಪ್ಲಾಸ್ಟಿಕ್ ಚೀಲದಿಂದ ನನ್ನ ಚೀಟಿ ತೆಗೆದು ತೋರಿಸಿದಳಂತೆ. ಹುಟ್ಟಿದಾಗಲೇ ನೋಡಿದ್ದಾರೆ, ನಾರ್ಮಲ್ ಇದೆ, ಹಾಗಾದರೆ ಅದಲ್ಲ ಎಂದು ಅವರು ಬಿಟ್ಟುಬಿಟ್ಟರು. ಎರಡು ವರ್ಷ ಆ ಚೀಟಿಯೇ ಅಡ್ಡ ನಿಂತಿತು. ಅಂದು ಬೀದರಿನ ಡಾಕ್ಟರರು ಚೀಟಿ ಪಕ್ಕಕ್ಕಿಟ್ಟು ಹೊಸದಾಗಿ ರಕ್ತ ಪರೀಕ್ಷೆ ಮಾಡಿಸಿದ್ದರು. ಗುಳಿಗೆ ಬರೆದು ಕೊಟ್ಟಿದ್ದರು. ನಡೆಯಬಹುದು, ಆದರೆ ಬುದ್ಧಿ ಎಷ್ಟು ಬೆಳೆಯುತ್ತದೋ ಹೇಳಲಾಗದು ಎಂದಿದ್ದರು.

"ಅತ್ತಿ ಏನಂತಾಳ ಗೊತ್ತೇನ್ರಿ ಅಕ್ಕಾ?" ಭಾಗಮ್ಮ ಮೆಲ್ಲಗೆ ಹೇಳಿದಳು. "ಐದೇಶಿಗಿ ಮೊದಲ ರಕ್ತ ಬಿತ್ತು, ಅದಕ್ಕ ಹಿಂಗಾತು ಅಂತಾಳ. ನೀ ಕಣ್ ಮುಚ್ಚದಿದ್ರ ಯಾರೂ ಮುಟ್ಟತಿದ್ದಿಲ್ಲ ಅಂತಾಳ. ಮನ್ಯಾಗ ಎಲ್ಲಾರೂ ಅದೇ ಅಂತಾರ. ಇವರೂ ಅಂತಾರ." ಇವರು ಎಂದರೆ ಗಂಡ. ಆಮೇಲೆ ಕೇಳಿದಳು, "ಖರೆ ನಾ ಮಲಗಿದ್ದೆನೇನ್ರಿ? ನನಗ ಅವತ್ತು ಹೊಲಿಗಿ ನೋಯ್ತಿತ್ತು, ಕಣ್ಣೇ ಹತ್ತಿದ್ದಿಲ್ಲ ಅಂತ ನೆಪ್ಪದ. ಆದರ ನೀವು ನೋಡೀರಿ ಅಂದ ಮ್ಯಾಲ ಮಲಗಿರಬೇಕು. ನನಗೇ ನೆಪ್ಪಿಲ್ಲ."

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಹೌದು ಎಂದರೂ ಸಾಕಿತ್ತು ಅವಳಿಗೆ, ಇಲ್ಲ ಎಂದರೂ ಸಾಕಿತ್ತು. ನಾನು ಯಾವುದನ್ನೂ ಹೇಳಲಿಲ್ಲ. "ಅದೆಲ್ಲಾ ಮನಸ್ಸಿಗಿ ಹಚ್ಚಿಕೋಬ್ಯಾಡ ತಂಗಿ, ಗುಳಿಗಿ ಬರಾಬರ್ ಕೊಡು" ಎಂದು ಎದ್ದುಬಿಟ್ಟೆ. ಕಾರ್ಡು ತುಂಬಿದ್ದಕ್ಕಿಂತ ಇದು ಕೀಳು. ಆಗ ಕೂಸಿನ ಕಾಯಿಲೆ ನನಗೆ ಗೊತ್ತಿರಲಿಲ್ಲ. ಈಗ ಎಲ್ಲ ಗೊತ್ತಿತ್ತು. ಒಬ್ಬ ತಾಯಿ ತನ್ನ ನೆನಪನ್ನೇ ಅನುಮಾನಿಸುತ್ತ ನನ್ನ ಮುಂದೆ ಕುಳಿತಿದ್ದಳು, ಒಂದು ಮಾತು ಸಾಕಿತ್ತು ಅವಳನ್ನು ಬಿಡಿಸಲು. ಛೀ — ನೌಕರಿ, ಮಕ್ಕಳ ಓದು, ಅಪ್ಪನ ಮುಖ, ಇವೇ ಕಣ್ಣ ಮುಂದೆ ಬಂದವು.

ಇನ್ನೂ ಮೂರು ವರ್ಷ ಸುಮ್ಮನಿದ್ದೆ. ಭಾನುವಾರ ವಿಹಾರದಲ್ಲಿ ಪಂಚಶೀಲ ಹೇಳುವಾಗ ಸುಳ್ಳಾಡುವುದಿಲ್ಲ ಎಂಬ ನಾಲ್ಕನೆಯ ಶೀಲಕ್ಕೆ ನನ್ನ ತುಟಿ ಮಾತ್ರ ಅಲ್ಲಾಡುತ್ತಿತ್ತು. ಆಮೇಲೆ ವಿಹಾರಕ್ಕೆ ಹೋಗುವುದನ್ನೇ ಬಿಟ್ಟೆ, ಮೊಣಕಾಲು ನೋವು ಎಂದು ಹೇಳಿ. ಅದೂ ಸುಳ್ಳೇ.

ಈ ವರ್ಷ ಸರ್ಕಾರ ಮತ್ತೆ ಅನುದಾನ ಹೆಚ್ಚಿಸಿತು. ತಪಾಸಣೆಯನ್ನು ಸುಧಾರಿಸಬೇಕು, ಹಳ್ಳಿ ಹಳ್ಳಿಯ ನರ್ಸುಗಳಿಗೆ ತರಬೇತಿ ಕೊಡಬೇಕು ಎಂದು. ಕಲಿಸಲು ಯಾರನ್ನು ಕರೆದರು? ಶಾಲು ಹೊದ್ದವಳನ್ನೇ. ಔರಾದ್, ಭಾಲ್ಕಿಯಿಂದ ಬಂದ ಹೊಸ ಹುಡುಗಿಯರು ನೋಟ್‌ಬುಕ್ಕು ಹಿಡಿದು ಕುಳಿತಿದ್ದರು. ಹಿಮ್ಮಡಿಯ ಯಾವ ಬದಿಗೆ ಚುಚ್ಚಬೇಕು, ಹನಿಯ ಮೇಲೆ ಹನಿ ಬೀಳದ ಹಾಗೆ ಹೇಗೆ ನೋಡಿಕೊಳ್ಳಬೇಕು, ಎಲ್ಲ ಹೇಳಿದೆ. ಔರಾದ್ ಕಡೆಯ ಒಬ್ಬಳು ಎದ್ದು ನಿಂತಳು.

"ಮೇಡಂ, ನಮ್ಮ ಕಡಿ ಐದೇಶಿ ಆಗೋತನ ರಕ್ತ ತೆಗಿಬ್ಯಾಡ ಅಂತಾರ್ರಿ. ಆವಾಗ ಹ್ಯಾಂಗ ಮಾಡಬೇಕ್ರಿ?"

ಉತ್ತರ ಎಷ್ಟು ಸರಳ. ಮಾತು ಕೊಟ್ಟರೆ ಬರುತ್ತಾರೆ, ಆರನೆಯ ದಿನ ತೆಗೆ, ಕಾರ್ಡಿನಲ್ಲಿ ಆರನೆಯ ದಿನ ಎಂದೇ ಬರೆ. ಅಷ್ಟೇ ಹೇಳಬೇಕಾಗಿತ್ತು. ನಾನು ಕುರ್ಚಿ ಎಳೆದುಕೊಂಡು ಕುಳಿತೆ. ಆ ಹುಡುಗಿ ಪೆನ್ನು ಹಿಡಿದು ಕಾಯುತ್ತಿದ್ದಳು, ನಾನು ಹೇಳಿದ್ದನ್ನು ಬರೆದುಕೊಳ್ಳಲು. ನೀರು ಬೇಕೇನ್ರಿ ಎಂದು ಯಾರೋ ಕೇಳಿದರು. ಕುಳಿತವಳು ಏಳಲಿಲ್ಲ.

ಮರುದಿನ ಮೇಲಧಿಕಾರಿಗಳಿಗೆ ಬರೆದು ಕೊಟ್ಟೆ. ಭಾಗಮ್ಮನ ಕೂಸಿನದು, ಅದಕ್ಕೆ ಮೊದಲು ಹಾಗೆ ತುಂಬಿದ ಇತರ ಕಾರ್ಡುಗಳದು, ನೆನಪಿಗೆ ಬಂದ ಹೆಸರು, ಊರು ಎಲ್ಲ. ಆ ಮಕ್ಕಳನ್ನು ಹುಡುಕಿ ಪರೀಕ್ಷೆ ಮಾಡಿಸಿ ಎಂದು ಬೇಡಿಕೊಂಡೆ. ಎರಡು ಕೂಸುಗಳ ತಾಯಂದಿರ ಹೆಸರು ಎಷ್ಟು ತಲೆ ಚಚ್ಚಿಕೊಂಡರೂ ನೆನಪಾಗುತ್ತಿಲ್ಲ. ಅವು ಎಲ್ಲಿವೆಯೋ, ಹೇಗಿವೆಯೋ. ವಿಚಾರಣೆ ಶುರುವಾಗಿದೆ; ನೌಕರಿ ಹೋಗುತ್ತದೆ, ಹೋಗಲಿ. ಅಪ್ಪನಿಗೆ ನಾನೇ ಹೇಳಿದೆ. ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ. ಇವತ್ತಿಗೂ ನನ್ನ ಜೊತೆ ಮಾತಾಡಿಲ್ಲ.

ಆಮೇಲೆ ಎಕಂಬಾಕ್ಕೆ ಹೋದೆ. ಮಧ್ಯಾಹ್ನ, ಗಂಡಸರು ಕುರಿ ಹೊಡೆದುಕೊಂಡು ಹೋಗಿದ್ದರು. ಅಂಬಿಕಾ ಹಟ್ಟಿಯ ಮುಂದೆ ನೆಲದ ಮೇಲೆ ಕುಳಿತು ಒಂದು ಮರಿಯ ಕಿವಿ ಹಿಡಿದುಕೊಂಡಿದ್ದಳು. ಈಗ ನಡೆಯುತ್ತಾಳೆ. ಊಟ ಬೇಕಾದರೆ ತಾಯಿಯ ಸೆರಗು ಎಳೆಯುತ್ತಾಳೆ. ಮಾತು ಬಂದಿಲ್ಲ. ಅವಳ ವಯಸ್ಸಿನ ಮಕ್ಕಳೆಲ್ಲ ಸಾಲಿಗೆ ಹೋಗಿದ್ದರು.

ಭಾಗಮ್ಮ ನೀರು ತಂದಳು. ಕುಡಿಯದೆ ತಂಬಿಗೆ ಕೆಳಗಿಟ್ಟೆ. ತುಳಜಮ್ಮನನ್ನೂ ಕೂಡಿಸಿಕೊಂಡೆ. ಹೇಳಿದೆ. ತಡೆತಡೆದು, ಆದರೆ ಎಲ್ಲ ಹೇಳಿದೆ — ಚುಚ್ಚಲಿಲ್ಲ, ಐದೇಶಿಗೆ ಮೊದಲು ಒಂದು ಹನಿಯೂ ಬಿದ್ದಿಲ್ಲ, ಬೇರೆ ಕೂಸಿನ ರಕ್ತ, ಆರನೆಯ ದಿನ ನೀವು ಬಂದಾಗ ಸುಳ್ಳು ಹೇಳಿ ಕಳಿಸಿದೆ, ಭಾಗಮ್ಮ ಮಲಗಿದ್ದನ್ನು ನಾನು ನೋಡಿರಲಿಲ್ಲ.

ಭಾಗಮ್ಮ ನನ್ನ ಕಡೆ ನೋಡಲಿಲ್ಲ. ಅತ್ತೆಯ ಕಡೆ ತಿರುಗಿ, "ನಾ ಮಲಗಿದ್ದಿಲ್ಲ ಅಂತ ಅಂದಿದ್ದೆ" ಎಂದಳು. "ಅಂದಿದ್ದೆನೋ ಇಲ್ಲೋ ಅತ್ತಿ?" ಮತ್ತೆ ಮತ್ತೆ ಅದನ್ನೇ ಎಂದಳು, ಅಳುತ್ತಲೇ. ಮುದುಕಿ ಸೊಸೆಯ ತೊಡೆಯ ಮೇಲೆ ಕೈ ಇಟ್ಟಳು, ತೆಗೆದಳು, ಮತ್ತೆ ಇಟ್ಟಳು. ಇಬ್ಬರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ, ಹೊಡೆದಿದ್ದರೆ ತೆಗೆದುಕೊಳ್ಳುತ್ತಿದ್ದೆ. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಕೂಡಿಸಿಕೊಂಡು ಹೋಗಿದ್ದೆ, ಕೇಳಲು ಬಾಯಿ ಬರಲಿಲ್ಲ.

ತುಳಜಮ್ಮ ಕೇಳಿದಳು.

"ಅವತ್ತು ನಾ ತಂದಾಗ ಚುಚ್ಚಿದ್ರ, ಗುಳಿಗಿ ಕೊಟ್ಟಿದ್ರ — ಈಕಿ ಮಾತಾಡ್ತಿದ್ದಳೇನು?"

ಡಾಕ್ಟರರ ಹಾಗೆ ಹೇಳಲಾಗದು ಎನ್ನಬಹುದಿತ್ತು. ದೇವರ ಕೈಯಲ್ಲಿದೆ ಎನ್ನಬಹುದಿತ್ತು. ಅವಳಿಗೆ ಅದರಿಂದ ಸ್ವಲ್ಪ ಸಮಾಧಾನವಾಗುತ್ತಿತ್ತೇನೋ. ನನಗೆ ಇನ್ನು ಸುಳ್ಳು ಹೇಳುವುದು ಸಾಕಾಗಿತ್ತು.

"ಹೌದು ಆಯಿ" ಎಂದೆ. "ಮಾತಾಡ್ತಿದ್ದಳು."

ಅವಳಿಗೆ ಕೇಳಿಸಲಿಲ್ಲವೋ, ನಂಬಿಕೆ ಬರಲಿಲ್ಲವೋ, ಇನ್ನೊಮ್ಮೆ ಕೇಳಿದಳು. ನಾನು ಇನ್ನೊಮ್ಮೆ ಹೌದು ಎಂದೆ.